ಸ್ಪ್ರಿಂಗ್ ತಿಂದ ಅರ್ಧ ವೋಲ್ಟ್

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅಪ್ಪಯ್ಯನ ಫೋನು ಟಿಣ್ ಎಂದಿತು. ಒಂದೇ ಸಲ. ಎರಡನೆಯ ಟಿಣ್ ಬರುತ್ತದೆಂದು ಉಸಿರು ಬಿಗಿಹಿಡಿದು ಕಾದೆ, ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು, ಹೆಂಚಿನ ಮೇಲಿನ ಮಳೆಯನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಹದಿನೇಳು ದಿನ ನನ್ನನ್ನು ಕುಣಿಸಿದ ಚಾರ್ಜರು ಕೊನೆಗೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿತ್ತು.

ಹಿಂದಿನ ಕಂತು ಓದದವರಿಗೆ ಎರಡು ಮಾತು. ಕರೆಂಟಿಲ್ಲದಾಗ ಫೋನಿಗೆ ಜೀವ ತುಂಬಲು ಹಳೆಯ ಬ್ಯಾಟರಿ ಸೆಲ್ಲುಗಳಿಂದ ನಾನೇ ಕಟ್ಟುತ್ತಿರುವ ಚಾರ್ಜರು ಇದು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟ್ ಹೋದರೆ ಗಂಟೆಗಳಲ್ಲಿ ಎಣಿಸುವ ಪದ್ಧತಿಯಿಲ್ಲ, ದಿನಗಳಲ್ಲಿ ಎಣಿಸುತ್ತೇವೆ. ಕಾಡಿನ ನಡುವೆ ಎಲ್ಲೋ ತಂತಿಯ ಮೇಲೆ ಮರ ಬಿದ್ದಿರುತ್ತದೆ. ಯಾವ ಕಂಬದ ಬಳಿ ಎಂದು ಹುಡುಕುತ್ತಾ ಲೈನ್‌ಮನ್ ಜಿಗಣೆ ಕಚ್ಚಿಸಿಕೊಂಡು ನಡೆಯಬೇಕು. ಇನ್ವರ್ಟರ್ ಮೊದಲ ರಾತ್ರಿಯೇ ಕೈಚೆಲ್ಲುತ್ತದೆ. ಅಂಗಡಿಯಿಂದ ಪವರ್‌ಬ್ಯಾಂಕ್ ತಂದರಾಯಿತಲ್ಲ ಎನ್ನುವವರು ಈ ಬರಹವನ್ನು ಇಲ್ಲಿಯವರೆಗೂ ಓದಿರಲಾರರು.

ಸರ್ಕ್ಯೂಟಿನಲ್ಲಿ ಹೊಸದೇನಿಲ್ಲ. ಸತ್ತ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ 18650 ಎಂಬ ಉರುಟು ಲಿಥಿಯಂ ಸೆಲ್ಲುಗಳು (ಆರರಲ್ಲಿ ಎರಡು ಹೋಗಿದ್ದವು, ಉಳಿದ ನಾಲ್ಕು ಅಳತೆಯಲ್ಲಿ 1,900 ಎಂಎಎಚ್ ಆಸುಪಾಸು), ಸೆಲ್ಲನ್ನು ಚಾರ್ಜ್ ಮಾಡುವ, ರಕ್ಷಣೆಯೂ ಇರುವ ಟಿಪಿ4056 ಬೋರ್ಡು, ಅದರ ಮುಂದೆ ಸೆಲ್ಲಿನ ವೋಲ್ಟೇಜನ್ನು 5ಕ್ಕೆ ಏರಿಸುವ ಬೂಸ್ಟ್ ಕನ್ವರ್ಟರ್ ಎಂಟಿ3608, ಕೊನೆಗೊಂದು ಯುಎಸ್‌ಬಿ ಸಾಕೆಟ್. ಎಂಟಿ3608ರ ವೋಲ್ಟೇಜ್ ಹೊಂದಿಸುವ ನೀಲಿ ತಿರುಪನ್ನು (ಪಾಟ್) ಬೇಸರ ಬರುವಷ್ಟು ಸುತ್ತು ತಿರುಗಿಸುವ ತನಕ ಔಟ್‌ಪುಟ್ ಅಲುಗುವುದೇ ಇಲ್ಲ, 5 ವೋಲ್ಟಿಗೆ ತರುವ ಮೊದಲು ಫೋನ್ ಸಿಕ್ಕಿಸಿದರೆ ಫೋನಿನ ಗತಿ ಏನು, ಇವೆಲ್ಲ ನಿಮಗೆ ಗೊತ್ತಿರುವುದೇ. ಮೊದಲು ಒಂದೇ ಸೆಲ್ಲಿನಲ್ಲಿ ಪ್ರಯೋಗ, ಆಮೇಲೆ ಎರಡನ್ನು ಸಮಾನಾಂತರವಾಗಿ ಸೇರಿಸುವುದೆಂದು ಲೆಕ್ಕ.

ಮೊದಲ ವಾರ ಎಲ್ಲವೂ ಸರಿಯಿತ್ತು. ಅದೇ ನನ್ನ ದುರದೃಷ್ಟ. ಫೋನು 0.45 ಆಂಪಿಯರ್ ಮಾತ್ರ ಎಳೆದುಕೊಳ್ಳುತ್ತಾ ಆಮೆಯಂತೆ ಚಾರ್ಜ್ ಆಗುತ್ತಿತ್ತು. ಸಾಕೆಟ್ಟಿನಲ್ಲಿ ಮಾಹಿತಿ ಸಾಗಿಸುವ ಡಿ ಪ್ಲಸ್, ಡಿ ಮೈನಸ್ ಕಾಲುಗಳನ್ನು ಹಾಗೆಯೇ ತೆರೆದು ಬಿಟ್ಟಿದ್ದೆ. ಇದು ಚಾರ್ಜರೋ ಕಂಪ್ಯೂಟರೋ ಎಂದು ಗುರುತಿಸಲಾಗದೆ ಫೋನು ಹೆದರಿಕೊಂಡೇ ಕುಡಿಯುತ್ತಿತ್ತು. ಎರಡನ್ನೂ ಸೇರಿಸಿ ಬೆಸುಗೆ ಹಾಕಿದೆ. ಮೀಟರು 1.2 ಆಂಪಿಯರಿಗೆ ಹಾರಿತು. ನಾನೂ ಹಾರಿದೆ. ಇಪ್ಪತ್ತು ನಿಮಿಷದ ಮೇಲೆ ಟಿಣ್. ಚಾರ್ಜಿಂಗ್ ನಿಂತಿತು. ಟಿಣ್. ಶುರುವಾಯಿತು. ಮೂರು ಸೆಕೆಂಡು. ಟಿಣ್. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಪ್ಪಯ್ಯ, “ಏನು ಮಾರಾಯ, ನೀನು ಮಾಡುತ್ತಿರುವುದು ಚಾರ್ಜರೋ, ಮಂಗಳಾರತಿಯ ಗಂಟೆಯೋ?” ಎಂದರು.

ಬೆಸುಗೆ ಬಿಡಿಸಿದೆ, ಗಂಟೆ ನಿಂತಿತು. ಮತ್ತೆ ಹಾಕಿದೆ, ಗಂಟೆ ಶುರು. ಇಷ್ಟು ಸ್ಪಷ್ಟವಾಗಿ ತಪ್ಪು ದಾರಿ ತೋರಿಸಿದ ಪುರಾವೆಯನ್ನು ನಾನು ಈ ಹಿಂದೆ ಕಂಡಿರಲಿಲ್ಲ. ಡಿ ಪ್ಲಸ್ ಡಿ ಮೈನಸ್ಸೇ ಕಳ್ಳ ಎಂದು ತೀರ್ಮಾನಿಸಿ ಮೂರು ದಿನ ರೆಸಿಸ್ಟರುಗಳನ್ನು ಜೋಡಿಸಿ, 2 ವೋಲ್ಟು, 2.7 ವೋಲ್ಟು ಎಂದು ಸೇಬಿನ ಫೋನಿಗೆ (ಐಫೋನ್) ಬೇಕಾದ ಜಾತಕವನ್ನೆಲ್ಲ ಬರೆದೆ. ಮನೆಯಲ್ಲಿ ಸೇಬಿನ ಫೋನೇ ಇಲ್ಲ.

ಆಮೇಲೆ ಸೆಲ್ಲಿನ ಮೇಲೆ ಗುಮಾನಿ. ತುಂಬಿದ ಸೆಲ್ಲು ಇಪ್ಪತ್ತು ನಿಮಿಷ ಸುಮ್ಮನಿದ್ದು ಆಮೇಲೆ ಗಲಾಟೆ ಮಾಡುತ್ತದೆಂದರೆ ಸೆಲ್ಲು ಮುದಿಯಾಗಿರಬೇಕು, ಅಲ್ಲವೇ? ಹೊರತೆಗೆದು ಅಳೆದರೆ ಮಾತ್ರ 3.7 ವೋಲ್ಟ್, ಏನೂ ಆಗಿಲ್ಲವೆಂಬ ಮುಖ. ಹೊಸದನ್ನೇ ತರಿಸೋಣವೆಂದು ಹೊರಟದ್ದು ಇನ್ನೊಂದು ಪ್ರಹಸನ. ಬಂದ ಸೆಲ್ಲಿನ ಮೈಮೇಲೆ 9,900 ಎಂಎಎಚ್ ಎಂದು ಚಿನ್ನದ ಅಕ್ಷರಗಳಿದ್ದವು. ಆ ಗಾತ್ರದ ಒಳ್ಳೆಯ ಸೆಲ್ಲು 3,500 ಮುಟ್ಟಿದರೆ ಹೆಚ್ಚು. ಏಲಕ್ಕಿ ತೂಗುವ ಪುಟ್ಟ ತಕ್ಕಡಿಯಲ್ಲಿ ಇಟ್ಟೆ: 31 ಗ್ರಾಂ. ಪಕ್ಕದಲ್ಲಿ ಲ್ಯಾಪ್‌ಟಾಪಿನ ಮುದುಕ ಇಟ್ಟೆ: 45 ಗ್ರಾಂ. ಅಳತೆಗೆ ಹಾಕಿದರೆ ಹೊಸತು 1,050 ಎಂಎಎಚ್ ಕೊಟ್ಟು ಮಲಗಿತು. ಮಾರಿದವನಿಗೆ ಬರೆದೆ. “ಸಾಲದಿದ್ದರೆ 12,000ದ್ದೂ ಇದೆ ಸಾರ್” ಎಂದು ಉತ್ತರ ಬಂತು. ಅವನ ಮಾಲಿಗಿಂತ ಅವನ ಉತ್ಸಾಹದ ಸಾಮರ್ಥ್ಯ ದೊಡ್ಡದು.

ಎಂಟಿ3608 ಬದಲಿಸಿದೆ. ಟಿಪಿ4056 ಬದಲಿಸಿದೆ. ಕೇಬಲ್ ಬದಲಿಸಿದೆ. ಟಿಣ್, ಟಿಣ್, ಟಿಣ್.

ಹದಿಮೂರನೆಯ ದಿನ ಎಲ್ಲವನ್ನೂ ಡಬ್ಬಿಗೆ ತುಂಬಿ ಅಟ್ಟಕ್ಕೆ ಎಸೆದು, ಮುಂದಿನ ಯೋಜನೆಗೆ ಕೈಹಾಕಿದೆ. ಸೆಲ್ಲಿನ ಸಹವಾಸವೇ ಬೇಡ, ನೀರಿನಿಂದಲೇ ಫೋನ್ ಚಾರ್ಜ್ ಮಾಡೋಣ ಎಂದು. ನಮ್ಮ ಕಡೆ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿ ಮನೆಯ ದೀಪ ಉರಿಸುವವರು ಇದ್ದಾರೆ. ನನಗೆ ಅಷ್ಟೆಲ್ಲ ಬೇಡ. ಗುಡ್ಡದಿಂದ ಅಂಗಳಕ್ಕೆ ಬರುವ ಅಬ್ಬಿ ನೀರಿನ ಪೈಪಿದೆ, ಹಳೆಯ ಪ್ರಿಂಟರಿನಿಂದ ಕಿತ್ತ ಸ್ಟೆಪ್ಪರ್ ಮೋಟರಿದೆ. ಮೋಟರಿನ ಅಕ್ಷಕ್ಕೆ ಚಮಚಗಳನ್ನು ಕಟ್ಟಿ ನೀರು ಹಾಯಿಸಿದರೆ ಅದೇ ಜನರೇಟರು. ಎರಡೂ ಸುರುಳಿಗಳಿಗೆ ಹಿಂದುಮುಂದು ಹರಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಷಾಟ್ಕಿ ಡಯೋಡಿನ ಬ್ರಿಜ್ ಹಾಕಿದರಾಯಿತು. ಚಮಚಗಳ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ.

ಹದಿನೈದು ಲೀಟರಿನ ಬಕೆಟ್ ಹಿಡಿದೆ, 75 ಸೆಕೆಂಡಿನಲ್ಲಿ ತುಂಬಿತು. ಸೆಕೆಂಡಿಗೆ 0.2 ಲೀಟರ್. ತೊಟ್ಟಿ ಇರುವುದು 12 ಮೀಟರ್ ಮೇಲೆ. 9.8ರಿಂದ ಗುಣಿಸಿದರೆ 23.5 ವ್ಯಾಟ್! ಅರ್ಧ ಪೋಲಾದರೂ ಎರಡು ಫೋನ್ ಎಂದು ಹಿಗ್ಗಿದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಾಗ ನೀರು ಕೈಯನ್ನೇ ದೂಡುತ್ತಿತ್ತು. ಬೆರಳು ತೆಗೆದೆ. ನೀರು ಅಷ್ಟೆತ್ತರದಿಂದ ಬಂದದ್ದೇ ಸುಳ್ಳು ಎನ್ನುವಂತೆ ಪೈಪಿನ ತುಟಿಯಿಂದ ಜೋಲುಬಿದ್ದು ಬಕೆಟ್ಟಿಗೆ ಇಳಿಯಿತು. ಹನ್ನೆರಡು ಮೀಟರಿನ ಒತ್ತಡ ಉದ್ದಕ್ಕೂ ಅರ್ಧ ಇಂಚಿನ ಪೈಪಿನ ಗೋಡೆಗೆ ಉಜ್ಜಿಕೊಂಡೇ ಮುಗಿದಿತ್ತು. ನನ್ನ 23.5 ವ್ಯಾಟು ಕಾಗದದ್ದು. ಹರಿವನ್ನು ಕಡಿಮೆ ಮಾಡಿ ಒತ್ತಡ ಉಳಿಸಿಕೊಂಡರೂ ನಾಲ್ಕೈದು ವ್ಯಾಟಿಗೆ ತೃಪ್ತಿಪಡಬೇಕು.

ಬೆರಳು ಒತ್ತಿದೆ, ತೆಗೆದೆ, ಮತ್ತೆ ಒತ್ತಿದೆ. ಮಳೆಯಲ್ಲಿ ನೆನೆಯುತ್ತಾ ಈ ಆಟವಾಡುವುದನ್ನು ನೋಡಿ ಅಮ್ಮ ಒಳಗಿನಿಂದ ಏನೋ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಸೆಲ್ಲನ್ನು ಹೊರತೆಗೆದು 3.7 ಎಂದು ಅಳೆಯುತ್ತಿದ್ದೆನಲ್ಲ, ಆಗೆಲ್ಲ ನಾನು ಪೈಪಿನ ಬಾಯಿ ಮುಚ್ಚಿಕೊಂಡು ಒತ್ತಡ ನೋಡುತ್ತಿದ್ದೆ!

ಡಬ್ಬಿ ಅಟ್ಟದಿಂದ ಇಳಿಯಿತು. ಫೋನಿನ ಬದಲು 4.7 ಓಮಿನ, ಹತ್ತು ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಹಾಕಿದೆ. ಅದು ಫೋನಿನಂತೆ ಮುನಿಸಿಕೊಂಡು ಕೈಬಿಡುವುದಿಲ್ಲ, ಕೊಟ್ಟಷ್ಟನ್ನು ಸುಮ್ಮನೆ ಸುಡುತ್ತದೆ. ಅದು ಕುಡಿಯುತ್ತಿರುವಾಗಲೇ ಮೀಟರಿನ ಎರಡು ಕಡ್ಡಿಗಳನ್ನು ದಾರಿಯುದ್ದಕ್ಕೂ ಇಡುತ್ತಾ ಹೋದೆ. ಸೆಲ್ಲಿನ ಎರಡು ತುದಿಗಳ ನಡುವೆ 3.51, ಮುದುಕನಿಗೆ ಇದು ಮರ್ಯಾದೆಯ ಅಂಕವೇ. ರಕ್ಷಣಾ ಬೋರ್ಡಿನಲ್ಲಿ ನಷ್ಟ 0.12. ಸೆಲ್ಲು ಕೂರಿಸಿದ ಹೋಲ್ಡರಿನ ತಂತಿಗಳಲ್ಲಿ 0.15. ಎಂಟಿ3608ರ ಬಾಗಿಲಿಗೆ ತಲುಪುತ್ತಿದ್ದದ್ದು ಬರೀ 2.66! ನಡುವೆ ಅರ್ಧ ವೋಲ್ಟಿಗೂ ಹೆಚ್ಚು ನಾಪತ್ತೆ. ಕೊನೆಗೆ ಒಂದು ಕಡ್ಡಿಯನ್ನು ಸೆಲ್ಲಿನ ತಳಕ್ಕೆ, ಇನ್ನೊಂದನ್ನು ಹೋಲ್ಡರಿನ ಸ್ಪ್ರಿಂಗ್ ಬುಡಕ್ಕೆ ಇಟ್ಟೆ. 0.58.

ನಂಬದೆ ಬೆರಳು ಇಟ್ಟೆ. ಚುರ್ ಎಂದಿತು. ಗುಳ್ಳೆ ಇನ್ನೂ ಇದೆ. 2.3 ಆಂಪಿಯರ್ ಹರಿಯುವಾಗ 0.58 ವೋಲ್ಟ್ ಎಂದರೆ ಆ ಪುಟ್ಟ ಸುರುಳಿಯೊಳಗೇ ಒಂದೂಕಾಲು ವ್ಯಾಟಿಗಿಂತ ಹೆಚ್ಚು ಉರಿಯುತ್ತಿದೆ. ಟಾರ್ಚ್ ಹಿಡಿದು ನೋಡಿದರೆ ಸ್ಪ್ರಿಂಗ್ ತಾಗಿದ ಪ್ಲಾಸ್ಟಿಕ್ ಗೋಡೆ ಮೆತ್ತಗಾಗಿ, ಸುರುಳಿಯ ಅಚ್ಚು ಬೆರಳಚ್ಚಿನಂತೆ ಮೂಡಿತ್ತು. ಕಳ್ಳ ತನ್ನ ಗುರುತನ್ನು ಅಲ್ಲೇ ಬಿಟ್ಟಿದ್ದ. ಅಯಸ್ಕಾಂತ ಹಿಡಿದರೆ ಟಪ್ಪೆಂದು ಅಂಟಿತು: ತೋರಿಕೆಗೆ ನಿಕ್ಕಲ್, ಒಳಗೆ ಉಕ್ಕು, ತಾಮ್ರಕ್ಕಿಂತ ಆರು ಪಟ್ಟಿಗೂ ಹೆಚ್ಚು ರೋಧ. ಹೋಲ್ಡರಿನ ಜೊತೆ ಬಂದ ಕೆಂಪು, ಕಪ್ಪು ತಂತಿಗಳನ್ನೂ ಸುಲಿದೆ. ಹೊರಗೆ ಬೆರಳಿನಷ್ಟು ದಪ್ಪ, ಒಳಗೆ ಏಳೆಂಟು ಕೂದಲೆಳೆ. ಹಲಸಿನ ಹಣ್ಣು ಎಂದು ಬರೀ ಸಿಪ್ಪೆ ಮಾರಿದಂತೆ.

ಗಂಟೆಯ ಲೆಕ್ಕವೂ ಆಗ ಬಿಡಿಸಿಕೊಂಡಿತು. ಸೆಲ್ಲಿನ ಒಳಗಿನದೂ ದಾರಿಯದೂ ರೋಧವೆಲ್ಲ ಸೇರಿ ಸುಮಾರು 0.44 ಓಮ್. 3.7 ವೋಲ್ಟಿನ ಸೆಲ್ಲು ಆ ದಾರಿಯಲ್ಲಿ ಎಷ್ಟೇ ತಿಣುಕಿದರೂ ಆಚೆ ತುದಿಗೆ ದಾಟಿಸಬಹುದಾದದ್ದು 7.8 ವ್ಯಾಟ್ ಮಾತ್ರ. ಫೋನಿಗೆ 6 ಬೇಕು, ಎಂಟಿ3608 ನುಂಗುವುದನ್ನು ಸೇರಿಸಿದರೆ 7 ದಾಟುತ್ತದೆ, ವೋಲ್ಟೇಜ್ ಇಳಿದಷ್ಟೂ ಅದರ ಹೊಟ್ಟೆಬಾಕತನ ಹೆಚ್ಚುತ್ತದೆ. ಬೂಸ್ಟ್ ಕನ್ವರ್ಟರಿನ ಸ್ವಭಾವ ಹೇಗಿದೆ ನೋಡಿ: ವೋಲ್ಟೇಜ್ ಕಡಿಮೆ ಸಿಕ್ಕರೆ ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಸ್ಪ್ರಿಂಗ್ ಇನ್ನಷ್ಟು ತಿನ್ನುತ್ತದೆ, ಆಗ ಅದು ಮತ್ತಷ್ಟು ಎಳೆಯುತ್ತದೆ. ಸಾಲ ತೀರಿಸಲು ಸಾಲ. ಒಂದು ಹಂತ ದಾಟಿದರೆ ದೊಪ್ಪನೆ ಕುಸಿತ, ಫೋನು ಕೈಬಿಡುತ್ತದೆ, ಹೊರೆ ಇಳಿದ ಕೂಡಲೇ ವೋಲ್ಟೇಜ್ ಎದ್ದು ನಿಲ್ಲುತ್ತದೆ, ಟಿಣ್. ತುಂಬಿದ ಸೆಲ್ಲು ಇಪ್ಪತ್ತು ನಿಮಿಷ ತಾಳಿಕೊಂಡದ್ದೂ, 0.45 ಆಂಪಿಯರಿನಲ್ಲಿ ಏನೂ ಆಗದಿದ್ದದ್ದೂ ಇದರಿಂದಲೇ. ಡಿ ಪ್ಲಸ್ ಡಿ ಮೈನಸ್ ಬಳಿ ಕ್ಷಮೆ ಕೇಳಿದ್ದೇನೆ.

ಇನ್ನು ಬೆಸುಗೆ ಹಾಕಬೇಕು, ಕರೆಂಟಿಲ್ಲ. ಬಚ್ಚಲ ಒಲೆ ಇತ್ತು. ಅರ್ಥಿಂಗಿನ ದಪ್ಪ ತಾಮ್ರದ ತಂತಿಯನ್ನು ಗೇಣುದ್ದ ಕತ್ತರಿಸಿ, ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಕೆಂಡಕ್ಕೆ ಇಟ್ಟೆ. ಇಕ್ಕಳದಲ್ಲಿ ಹಿಡಿದು ತೆಗೆದು, ಒದ್ದೆ ಬಟ್ಟೆಗೆ ಒರೆಸಿ, ರಾಳಕ್ಕೆ ಅದ್ದಿದರೆ ಚುಯ್ ಎಂದು ಬಿಳಿ ಹೊಗೆ. ಆ ಕ್ಷಣದಿಂದ ಲೆಕ್ಕ ಹಾಕಿದರೆ ಕೈಯಲ್ಲಿರುವುದು ಐದಾರು ಸೆಕೆಂಡು. ಮೊದಲ ಎರಡು ಸಲ ಬೂದಿ ಮೆತ್ತಿಕೊಂಡು ಸೀಸ ಉಂಡೆಯಾಗಿ ಉರುಳಿಹೋಯಿತು. ಮೂರನೆಯ ಸಲ ಹರಿಯಿತು, ಕನ್ನಡಿಯಂತೆ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಂತಿಯ ಎಳೆಗಳನ್ನು ಸಡಿಲವಾಗಿ ಹೆಣೆದು, ಸ್ಪ್ರಿಂಗಿನ ಹೊಟ್ಟೆಯೊಳಗೆ ತೂರಿಸಿ, ಮೇಲೊಂದು ಕೆಳಗೊಂದು ಬೆಸುಗೆ. ಸ್ಪ್ರಿಂಗ್ ಈಗ ಒತ್ತಿ ಹಿಡಿಯುವ ಕೆಲಸ ಮಾತ್ರ ಮಾಡುತ್ತದೆ, ಕರೆಂಟ್ ಹೊರುವುದು ತಾಮ್ರ. ಕೂದಲೆಳೆ ತಂತಿಗಳ ಜಾಗಕ್ಕೂ ಅದೇ ತಂತಿ. ಸೆಲ್ಲಿನ ಮೈಗೇ ನೇರವಾಗಿ ಬೆಸುಗೆ ಹಾಕಿದರಾಯಿತಲ್ಲ ಎನ್ನಬೇಡಿ. ಲಿಥಿಯಂ ಸೆಲ್ಲಿಗೆ ಕೆಂಡದಲ್ಲಿ ಕಾಯಿಸಿದ ಸರಳು ಮುಟ್ಟಿಸುವ ಧೈರ್ಯ ನನಗಿಲ್ಲ, ನಿಮಗೂ ಇರಬಾರದು.

ಮತ್ತೆ ಅದೇ ರೆಸಿಸ್ಟರ್. ಸ್ಪ್ರಿಂಗ್ ದಾಟುವಾಗ ನಷ್ಟ 0.05. ಎಂಟಿ3608ರ ಬಾಗಿಲಲ್ಲಿ 3.39. ಮೀಟರನ್ನು ಮೂರು ಸಲ ನೋಡಿದೆ, ನಾಲ್ಕನೆಯ ಸಲ ಸುಮ್ಮನೆ ಸಂತೋಷಕ್ಕೆ ನೋಡಿದೆ. ಆಮೇಲೆ ಎರಡು ಸೆಲ್ಲುಗಳನ್ನು ಒಂದೇ ವೋಲ್ಟೇಜಿಗೆ ತಂದು ಜೊತೆಗೂಡಿಸಿದೆ (ಒಂದು 4.1, ಇನ್ನೊಂದು 3.6 ಇರುವಾಗ ಸೇರಿಸಿದರೆ ಅವು ಮೊದಲು ತಮ್ಮೊಳಗೇ ಜಗಳವಾಡುತ್ತವೆ). ಎರಡೂ ಸೇರಿ 14 ವ್ಯಾಟ್ ಅವರ್. ನಷ್ಟ ಕಳೆದು, ಅಪ್ಪಯ್ಯನ 5,000 ಎಂಎಎಚ್ ಫೋನಿಗೆ ಮುಕ್ಕಾಲಿಗೆ ಕಡಿಮೆ, ಅರ್ಧಕ್ಕೆ ಹೆಚ್ಚು. ರಾತ್ರಿ 14 ಶೇಕಡಾ ಇದ್ದದ್ದು ಬೆಳಗ್ಗೆ 73. ಬೆಂಗಳೂರಿನಲ್ಲಿರುವ ತಂಗಿಗೆ ಕರೆ ಮಾಡಲು ಹೋದರೆ ಸಿಗ್ನಲ್ ಇಲ್ಲ; ಟವರಿನ ಡೀಸೆಲ್ ಮುಗಿದಿರಬೇಕು. ಅಪ್ಪಯ್ಯ 73 ಶೇಕಡಾ ಫೋನಿನ ಟಾರ್ಚ್ ಹಾಕಿಕೊಂಡು ಕೊಟ್ಟಿಗೆಗೆ ಹೋದರು.

ಒಂದು ಕೆಲಸ ಬಾಕಿ. ಎಂಟಿ3608 ಸುಮ್ಮನಿದ್ದಾಗಲೂ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತದೆ, ಅದಕ್ಕೊಂದು ಸ್ವಿಚ್ ಬೇಕು. ಎರಡು ವಾರದ ಹಿಂದೆಯೇ ತರಿಸಿದ್ದೆ. ಪೊಟ್ಟಣ ಬಿಚ್ಚಿದರೆ ಅದು ಕಾಲಿಂಗ್ ಬೆಲ್ಲಿನ ಗುಂಡಿ: ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆನ್. ಹಿಂತಿರುಗಿಸಲು ಅಂಚೆ ಖರ್ಚು ಗುಂಡಿಯ ಬೆಲೆಗಿಂತ ಹೆಚ್ಚು. ಸದ್ಯಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಅದನ್ನು ಒತ್ತಿ ಹಿಡಿಸಿದ್ದೇನೆ. ಹೇಗೂ ಆಗಸ್ಟ್ ಮುಗಿಯುವ ತನಕ ಅಮ್ಮನಿಗೆ ಆ ಕ್ಲಿಪ್ಪು ಬೇಕಾಗುವುದಿಲ್ಲ.