ಮೊದಲೇ ಹಾಕಿಟ್ಟಿದ್ದ ಟಿಕ್ ಮಾರ್ಕ್

ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಹಳ್ಳಿಯೊಂದರಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಸುವ ಮೇಡಂ. "ಸರ್, ಹಾಜರಿ ಕಳಿಸೋಕೆ ಕಂಪ್ಯೂಟರ್ ಆನ್ ಮಾಡಿದ್ದಷ್ಟೇ. ಒಂದು ವೀಡಿಯೊನೂ ನೋಡಿಲ್ಲ. ಆಗಲೇ ಇವತ್ತಿನ ಡೇಟಾ ಮುಗೀತು ಅಂತ ಮೆಸೇಜ್ ಬಂದಿದೆ. ನಿಮ್ಮ ಸಾಫ್ಟ್‌ವೇರ್ ಹಾಕಿದ ಮೇಲೇ ಹೀಗೆ."

ಅವರ ಅನುಮಾನ ಸರಿಯಾಗಿತ್ತು. ಡೇಟಾ ತಿಂದದ್ದು ನಮ್ಮ ಸಾಫ್ಟ್‌ವೇರೇ. ತಿನ್ನಲು ಬಿಟ್ಟವನು ನಾನು. ಎರಡು ವಾರದ ಹಿಂದೆ ಮೀಟಿಂಗ್‌ನಲ್ಲಿ ವಾದ ಮಾಡಿ ಗೆದ್ದಿದ್ದೆ.

ಪಾಠದ ವೀಡಿಯೊಗಳನ್ನು ಹಳ್ಳಿ ಕೇಂದ್ರಗಳಿಗೆ ತಲುಪಿಸುವುದು ನಮ್ಮ ಕೆಲಸ. ಕೇಂದ್ರ ನಡೆಸುವವರೆಲ್ಲ ಸ್ವಯಂಸೇವಕರು. ಸರ್ವರ್ ಬಿಲ್ ಏರುತ್ತಿತ್ತು. ಒಂದು ಕೇಂದ್ರ ಇಳಿಸಿಕೊಂಡ ವೀಡಿಯೊವನ್ನು ಅದೇ ಇನ್ನೊಂದು ಕೇಂದ್ರಕ್ಕೆ ಕೊಟ್ಟರೆ? ಫೈಲ್ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಎಂಬ ವ್ಯವಸ್ಥೆ 2001ರಿಂದ ಮಾಡುತ್ತಿರುವುದೂ ಇದನ್ನೇ. ಉಳಿದಿದ್ದು ಒಂದೇ ಪ್ರಶ್ನೆ. 'ನನ್ನ ಕಂಪ್ಯೂಟರ್‌ನಿಂದ ಬೇರೆಯವರಿಗೂ ಕೊಡು' ಅನ್ನುವ ಕಡೆ ನಾವೇ ಟಿಕ್ ಹಾಕಿ ಕೊಡಬೇಕಾ, ಬೇಕಾದವರು ಹಾಕಿಕೊಳ್ಳಲಿ ಅಂತ ಬಿಡಬೇಕಾ?

ನಾವೇ ಹಾಕೋಣ ಅಂದೆ. ಕೈಯಲ್ಲಿ ಪುರಾವೆಯೂ ಇತ್ತು. 2000ದಲ್ಲಿ ಜೆರಾಕ್ಸ್ ಕಂಪನಿಯ 'ಪಾರ್ಕ್' ಎಂಬ ಸಂಶೋಧನಾ ಕೇಂದ್ರದವರು ಗ್ನುಟೆಲ್ಲಾ ಎಂಬ ಫೈಲ್ ಹಂಚಿಕೆ ಜಾಲವನ್ನು ಅಳೆದು ನೋಡಿದ್ದರು. ಸುಮಾರು 70% ಬಳಕೆದಾರರು ಒಂದು ಫೈಲನ್ನೂ ಹಂಚುತ್ತಿರಲಿಲ್ಲ. ಉಣ್ಣೋಕೆ ಎಲ್ಲರೂ, ಎಲೆ ಎತ್ತೋಕೆ ಯಾರೂ ಇಲ್ಲ. ಕೇಳಿದರೆ ಯಾರೂ ಟಿಕ್ ಹಾಕಲ್ಲ, ನಾವೇ ಹಾಕಿಟ್ಟರೆ ಯಾರೂ ತೆಗೆಯಲ್ಲ ಅಂತ ಹೇಳಿದೆ. ನಿಜ, ಯಾರೂ ತೆಗೆಯಲಿಲ್ಲ. ಅಂಥದ್ದೊಂದು ಟಿಕ್ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಮಾಡಿಕೊಂಡಿದ್ದೆ. ವಿಂಡೋಸ್‌ನಲ್ಲಿ ಒಂದು ಕನೆಕ್ಷನ್‌ಗೆ 'ಮೀಟರ್ಡ್' ಅಂತ ಗುರುತು ಹಾಕಬಹುದು. ಇಲ್ಲಿ ಡೇಟಾಕ್ಕೆ ಮಿತಿ ಇದೆ, ನೋಡಿಕೊಂಡು ಖರ್ಚು ಮಾಡು ಅಂತ ಅರ್ಥ. ಆ ಗುರುತು ಕಂಡರೆ ನಮ್ಮ ಸಾಫ್ಟ್‌ವೇರ್ ಸುಮ್ನಿರುತ್ತಿತ್ತು. ಆದರೆ ವೈಫೈಗೆ ಆ ಗುರುತನ್ನು ಸಾಮಾನ್ಯವಾಗಿ ನಾವೇ ಹೋಗಿ ಹಾಕಬೇಕು. ಮೇಡಂ ಅಂತೂ ಫೋನನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿದ್ದರು. ಕಂಪ್ಯೂಟರ್ ಅದನ್ನು ಈಥರ್ನೆಟ್ ಕೇಬಲ್ ಅಂತಲೇ ತಿಳಿಯುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ನಮ್ಮ ಕಣ್ಣಿಗೆ ಆಫೀಸಿನ ಬ್ರಾಡ್‌ಬ್ಯಾಂಡ್ ಥರ ಕಂಡಿತ್ತು.

ಆ ವಾರ ಕೂತು, ಬೇರೆ ಜಾಲಗಳು ಏನು ಮಾಡಿವೆ ಅಂತ ನೋಡಿದೆ. ಮೊದಲೇ ನೋಡಬೇಕಿತ್ತು, ಬಿಡಿ.

ಆಶ್ಚರ್ಯ ಆಗಿದ್ದು ಟಾರ್ ನೋಡಿ. ಯಾರು ಏನು ನೋಡುತ್ತಿದ್ದಾರೆ ಅಂತ ಗೊತ್ತಾಗದ ಹಾಗೆ ಇಂಟರ್‌ನೆಟ್ ಬಳಸಲು ಇರುವ ಜಾಲ ಅದು. ನಿಂತಿರುವುದು ಸ್ವಯಂಸೇವಕರ ರಿಲೇಗಳ ಮೇಲೆ, ಅಂದರೆ ಬೇರೆಯವರ ಟ್ರಾಫಿಕ್ಕನ್ನು ಕೈಯಿಂದ ಕೈಗೆ ದಾಟಿಸುವ ಕಂಪ್ಯೂಟರ್‌ಗಳ ಮೇಲೆ. ಆದರೂ ಟಾರ್ ಬ್ರೌಸರ್ ಹಾಕಿಕೊಂಡ ಮಾತ್ರಕ್ಕೆ ಯಾರೂ ರಿಲೇ ಆಗುವುದಿಲ್ಲ. ರಿಲೇ ಆದರೆ ನಿಮ್ಮ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಕನೆಕ್ಷನ್‌ನ ನಂಬರ್) ಎಲ್ಲರಿಗೂ ಕಾಣುವ ಪಟ್ಟಿಗೆ ಸೇರುತ್ತದೆ. ಆ ಪಟ್ಟಿ ನೋಡಿಯೇ ಬಾಗಿಲು ಹಾಕುವ ವೆಬ್‌ಸೈಟ್‌ಗಳಿವೆ. ಟ್ರಾಫಿಕ್ಕನ್ನು ಜಾಲದಿಂದ ಹೊರಗೆ ಬಿಡುವ ಕೊನೆಯ ಕಂಪ್ಯೂಟರ್, ಅಂದರೆ ಎಕ್ಸಿಟ್ ರಿಲೇ ಆದರಂತೂ ಇನ್ಯಾರೋ ಮಾಡಿದ ಕೆಲಸಕ್ಕೆ ದೂರು ಬರುವುದು ನಿಮ್ಮ ವಿಳಾಸಕ್ಕೆ. ಜೊತೆಗೆ, ಬಳಸುವ ಪ್ರತಿ ಕಂಪ್ಯೂಟರ್‌ಗೂ ರಿಲೇಗಳ ಪಟ್ಟಿ ಗೊತ್ತಿರಬೇಕು. ಲಕ್ಷಗಟ್ಟಲೆ ಲ್ಯಾಪ್‌ಟಾಪ್‌ಗಳು ಗಳಿಗೆಗೊಮ್ಮೆ ಬಂದು ಹೋಗುತ್ತಿದ್ದರೆ ಆ ಪಟ್ಟಿ ಹಂಚುವುದೇ ದೊಡ್ಡ ಹೊರೆ.

ಐ2ಪಿ ಅನ್ನುವುದೂ ಗುರುತು ಮರೆಸುವ ಜಾಲವೇ, ಆದರೆ ಇದಕ್ಕೆ ಉಲ್ಟಾ. ಹಾಕಿಕೊಂಡವರೆಲ್ಲ ಬೇರೆಯವರ ಟ್ರಾಫಿಕ್ ಹೊರುತ್ತಾರೆ. 'ನೋಡಿ, ಇಲ್ಲಿ ನಡೀತಿದೆಯಲ್ಲ' ಅಂತ ಸಹೋದ್ಯೋಗಿಗೆ ತೋರಿಸಲು ಹೊರಟಿದ್ದೆ. ಆಮೇಲೆ ಪೂರ್ತಿ ಓದಿದೆ. ಅಲ್ಲಿ ಹೊರುವುದು ಜಾಲದ ಒಳಗೇ ಓಡಾಡುವ, ಬೀಗ ಹಾಕಿದ ಗಂಟು. ಹೊರಗಿನ ಇಂಟರ್‌ನೆಟ್‌ಗೆ ದಾರಿ ಬಿಡುವುದು ಬೇಕು ಅಂದವರು ಮಾತ್ರ. ಸರ್ಕಾರದ ಹಿಡಿತ ಬಿಗಿಯಾಗಿರುವ ಕೆಲವು ದೇಶಗಳಲ್ಲಿ ಅದು ತಾನಾಗಿಯೇ ಮರೆಗೆ ಸರಿದು, ಹೊರುವುದನ್ನೇ ನಿಲ್ಲಿಸುತ್ತದೆ. ಎಲ್ಲರಿಂದ ತಗೊಳ್ಳುವವರೂ ಯಾರಿಂದ ತಗೋಬಾರದು ಅಂತ ಯೋಚಿಸಿದ್ದರು. ನಾನು ಅಷ್ಟೂ ಮಾಡಿರಲಿಲ್ಲ.

ಹಳೆಯ ಸ್ಕೈಪ್ ಕೂಡ ಬಳಕೆದಾರರ ಕೆಲವು ಕಂಪ್ಯೂಟರ್‌ಗಳನ್ನೇ ಸೂಪರ್‌ನೋಡ್, ಅಂದರೆ ಉಳಿದವರನ್ನು ಒಬ್ಬರಿಗೊಬ್ಬರು ಜೋಡಿಸುವ ಕೊಂಡಿ, ಮಾಡಿಕೊಳ್ಳುತ್ತಿತ್ತು. 2010ರ ಡಿಸೆಂಬರ್‌ನಲ್ಲಿ ಅದರ ಒಂದು ವಿಂಡೋಸ್ ವರ್ಷನ್‌ನ ದೋಷದಿಂದ ಅವುಗಳಲ್ಲಿ ಬಹಳಷ್ಟು ಒಟ್ಟಿಗೆ ಬಿದ್ದವು. ಭಾರವೆಲ್ಲ ಉಳಿದವುಗಳ ಮೇಲೆ ಬಿತ್ತು, ಸೇವೆ ಸುಮಾರು ಒಂದು ದಿನ ಕುಂಟಿತು. 2012ರ ಹೊತ್ತಿಗೆ ಮೈಕ್ರೋಸಾಫ್ಟ್ ಆ ಜಾಗದಲ್ಲಿ ತನ್ನ ಸರ್ವರ್‌ಗಳನ್ನೇ ಇಟ್ಟಿತು.

ಇದನ್ನು ಓದಿ ನಮ್ಮ ಲಾಗ್ ತೆಗೆದೆ. ಹೆಚ್ಚಿನ ಕೇಂದ್ರಗಳ ಕಂಪ್ಯೂಟರ್ ಆನ್ ಇರುವುದು ಸಂಜೆ ಎರಡು ಗಂಟೆಯ ಹೊತ್ತು ಮಾತ್ರ. ಎಲ್ಲರಿಗೂ ವೀಡಿಯೊ ಬೇಕಾಗುವುದೂ ಆಗಲೇ. ಅಂದರೆ ಕೊಡುವವರೂ ಕೇಳುವವರೂ ಒಂದೇ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರು. ನಿಜವಾದ ಭಾರ ಹೊರುತ್ತಿದ್ದದ್ದು ದಿನವಿಡೀ ಆನ್ ಇರುವ ಹತ್ತು ಹದಿನೈದು ಕಂಪ್ಯೂಟರ್‌ಗಳು. ಮೇಡಂ ಕಂಪ್ಯೂಟರ್ ಬೆಳಿಗ್ಗೆ ಆನ್ ಆಯಿತು ಅಂತ ಇವೆಲ್ಲ ವೀಡಿಯೊಗಾಗಿ ಅದಕ್ಕೆ ಮುಗಿಬಿದ್ದಿದ್ದವು, ಪಾಪ.

ಟಿಕ್ ತೆಗೆದೆವು. ಹಂಚಿಕೆಯನ್ನು ಒಂದೇ ಕೇಂದ್ರದ ಒಳಗಿನ ಕಂಪ್ಯೂಟರ್‌ಗಳ ನಡುವೆ ಮಾತ್ರ ಉಳಿಸಿಕೊಂಡೆವು. ಅಲ್ಲಿ ಯಾರ ಪ್ಯಾಕೂ ಖರ್ಚಾಗುವುದಿಲ್ಲ, ಕೇಳುವ ಅಗತ್ಯವೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇರೆ ಕೇಂದ್ರಗಳಿಗೆ ಕೊಡುತ್ತೀರಾ ಅಂತ ಇನ್‌ಸ್ಟಾಲ್ ಮಾಡುವಾಗ ಕೇಳುವುದಿಲ್ಲ. ಆಗ ಎಲ್ಲರೂ 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತಾರೆ, ನಾನೂ ಅಷ್ಟೇ. ಹತ್ತು ವೀಡಿಯೊ ಇಳಿದ ಮೇಲೆ ಕೇಳುತ್ತೇವೆ: ಇದರಲ್ಲಿ ಇಷ್ಟು ಬೇರೆ ಕೇಂದ್ರಗಳು ಕೊಟ್ಟಿದ್ದು, ನೀವೂ ಕೊಡುತ್ತೀರಾ? ನಿಮ್ಮ ನೆಟ್ ಫೋನಿನದಾ, ಬ್ರಾಡ್‌ಬ್ಯಾಂಡಾ? ಎಷ್ಟು ಕೊಡಬಹುದು ಅನ್ನುವ ಮಿತಿಯನ್ನು ಪರ್ಸೆಂಟ್‌ನಲ್ಲಿ ಇಟ್ಟಿದ್ದೆವು, ಎಂಬಿಗೆ ಬದಲಾಯಿಸಿದೆವು. ಪ್ಯಾಕ್ ಹಾಕಿಸುವವರ ಲೆಕ್ಕ ಇರುವುದೇ ಹಾಗೆ ಅಲ್ವಾ?

ಹೌದು ಅಂದವರು ಕಡಿಮೆಯೇ. ಸರ್ವರ್ ಬಿಲ್ ನಾನು ಮೀಟಿಂಗ್‌ನಲ್ಲಿ ಹೇಳಿದಷ್ಟು ಇಳಿಯಲಿಲ್ಲ. ಮ್ಯಾನೇಜರ್ ತಿಂಗಳಿಗೊಮ್ಮೆ ಅದನ್ನು ನೆನಪಿಸುತ್ತಾರೆ.

ಮೇಡಂಗೆ ಅವತ್ತೇ ಫೋನ್ ಮಾಡಿ ನಡೆದದ್ದನ್ನು ಹೇಳಿ, ಪ್ಯಾಕ್ ನಾನೇ ಹಾಕಿಸುತ್ತೇನೆ ಅಂದೆ. "ಅಯ್ಯೋ, ಅದೆಲ್ಲ ಬೇಡ ಸರ್. ಒಂದು ಮಾತು ಕೇಳಿದ್ದರೆ ರಾತ್ರಿ ಕೊಡ್ತಿದ್ದೆ. ಉಳಿದ ಡೇಟಾ ಹನ್ನೆರಡಕ್ಕೆ ಹೇಗೂ ಹೋಗುತ್ತಲ್ಲ" ಅಂದರು. ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಕೊಡುವ ಆಯ್ಕೆ ಮುಂದಿನ ವರ್ಷನ್‌ನಲ್ಲಿ ಬರುತ್ತಿದೆ. ಟಿಕ್ ಹಾಕಿರುವುದಿಲ್ಲ.