ಕೆಂಚಿ ಕಾಲಿನ ದುರ್ಮಾಂಸ ತೆಗೆದ ದಿನ

ಗಾಯ ಚೆನ್ನಾಗಿ ತುಂಬ್ಕೊಂಡು ಬರ್ತಿದೆ ಅಂತ ನಾವೆಲ್ಲ ಖುಷಿಯಲ್ಲಿದ್ದಾಗಲೇ ಡಾಕ್ಟರ್ ಮೇಡಂ ಬಂದು, ಬ್ಯಾಂಡೇಜ್ ಬಿಚ್ಚಿ ನೋಡಿ, "ಇದನ್ನ ಇವತ್ತೇ ಕತ್ತರಿಸಿ ತೆಗೀಬೇಕು" ಅಂದ್ರು. ಲಾಯ ನೋಡ್ಕೊಳ್ಳೋ ಮಾಮನ ಮುಖ ಬಿಳಿಚಿಕೊಂಡ್ತು. ಅಷ್ಟು ವಾರ ಕಷ್ಟಪಟ್ಟು ಬೆಳೆಸಿದ ಮಾಂಸಾನ ಕತ್ತರಿಸೋದಾ ಅಂತ.

ಕೆಂಚಿ ಅಂದ್ರೆ ನಮ್ಮ ಕೆಂಪು ಬಣ್ಣದ ಹೆಣ್ಣು ಕುದುರೆ. ಬೇಲಿ ತಂತಿಗೆ ಹಿಂಗಾಲು ಸಿಕ್ಕಿಸ್ಕೊಂಡು ಎಳೆದಾಡಿ, ಎಡಗಾಲಿನ ಗಂಟಿನ ಕೆಳಗೆ ಅಂಗೈಯಷ್ಟು ಚರ್ಮ ಕಿತ್ಕೊಂಡು ಹೋಗಿತ್ತು. ಹೊಲಿಗೆ ಹಾಕೋಣ ಅಂದ್ರೆ ಎಳೆದು ಸೇರಿಸೋಕೆ ಅಲ್ಲಿ ಚರ್ಮಾನೇ ಉಳಿದಿರ್ಲಿಲ್ಲ, ಇದ್ದಿದ್ದ್ರಲ್ಲೂ ಮಣ್ಣು. ಮೂಳೆಗೆ ಏನೂ ಆಗಿಲ್ಲ, ಟೆಂಡನ್ (ಮಾಂಸಖಂಡಾನ ಮೂಳೆಗೆ ಕಟ್ಟಿಹಿಡಿಯೋ ಗಟ್ಟಿ ನಾರು) ಸರಿಯಿದೆ, ಕೀಲಿಗೆ ತಗುಲಿಲ್ಲ, ಅಷ್ಟು ಮಾತ್ರ ಅದೃಷ್ಟ. ಅವತ್ತೇ ಧನುರ್ವಾಯು ಇಂಜೆಕ್ಷನ್ ಹಾಕಿಸಿದ್ವಿ, ಯಾಕಂದ್ರೆ ಕುದುರೆಗಳಿಗೆ ಧನುರ್ವಾಯು ಬೇರೆ ಪ್ರಾಣಿಗಳಿಗಿಂತ ತುಂಬಾ ಸುಲಭವಾಗಿ ತಗುಲತ್ತೆ, ಬಂದ್ರೆ ಉಳಿಸ್ಕೊಳ್ಳೋದು ಕಷ್ಟ. ಮೊದಲ ಒಂದೆರಡು ವಾರ ಗಾಯ ಕಮ್ಮಿ ಆಗೋದಿರ್ಲಿ, ಇನ್ನೂ ದೊಡ್ಡದಾಗ್ತಾನೇ ಹೋಯ್ತು. ಅಂಚಿನ ಚರ್ಮ ಹಿಂದಕ್ಕೆ ಎಳ್ಕೊಳ್ಳೋದ್ರಿಂದ ಕುದುರೆ ಕಾಲಲ್ಲಿ ಹಾಗೆ ಆಗೋದು ಮಾಮೂಲಂತೆ.

ಇದೇ ಕೆಂಚಿಗೆ ಹಿಂದೊಂದ್ಸಲ ಭುಜದ ಹತ್ರ ಇದಕ್ಕಿಂತ ದೊಡ್ಡ ಗಾಯ ಆಗಿತ್ತು, ಈಗ ಹುಡುಕಿದ್ರೂ ಕಾಣಲ್ಲ. ಮೈಮೇಲಿನ ಗಾಯ ಸುತ್ತಲಿಂದ ಎಳ್ಕೊಂಡು ಬೇಗ ಮುಚ್ಕೊಂಡುಬಿಡತ್ತೆ. ಕಾಲಿನ ಕೆಳಭಾಗದ ಕಥೆನೇ ಬೇರೆ. ಅಲ್ಲಿ ಮಾಂಸಖಂಡ ಅನ್ನೋದೇ ಇಲ್ಲ, ಮೂಳೆ, ಟೆಂಡನ್, ಮೇಲೊಂದು ಬಿಗಿ ಚರ್ಮ ಅಷ್ಟೇ. ರಕ್ತ ಓಡಾಟ ಕಮ್ಮಿ, ನೆಲಕ್ಕೆ ಹತ್ರ ಇರೋದ್ರಿಂದ ಕೊಳೆ ಜಾಸ್ತಿ, ಪ್ರತಿ ಹೆಜ್ಜೆಗೂ ಗಾಯ ಅಲ್ಲಾಡತ್ತೆ, ಎಳೆಯೋಕೆ ಸಡಿಲ ಚರ್ಮವೂ ಇಲ್ಲ. ಹೊಸ ಚರ್ಮ ಅಂಚಿಂದ ಒಳಕ್ಕೆ ತೆವಳ್ಕೊಂಡೇ ಬರ್ಬೇಕು, ದಿನಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪೋನಿಗಳಿಗೆ, ಅಂದ್ರೆ ಗಿಡ್ಡ ಜಾತಿ ಕುದುರೆಗಳಿಗೆ, ಇದೇ ಥರದ ಗಾಯ ಇದಕ್ಕಿಂತ ಬೇಗ ವಾಸಿ ಆಗತ್ತೆ ಅಂತ ಮೇಡಂ ಹೇಳಿದ್ರು. ಕೆಂಚಿ ಪೋನಿ ಅಲ್ವಲ್ಲ, ಏನ್ ಮಾಡೋದು.

ಗಾಯದ ಗುಂಡಿಯಲ್ಲಿ ಕೆಂಪು ಮಾಂಸ ಕಾಣಿಸ್ಕೊಂಡಾಗ ನೋಡೋಕೆ ಬಂದವರೆಲ್ಲ ಓಹೋ ತುಂಬ್ತಿದೆ ತುಂಬ್ತಿದೆ ಅಂದ್ರು, ನಿಜವಾಗ್ಲೂ ತುಂಬ್ತಾನೇ ಇತ್ತು, ಆದ್ರೆ ಚರ್ಮದ ಮಟ್ಟಕ್ಕೆ ಬಂದ್ಮೇಲೂ ನಿಲ್ಲಲಿಲ್ಲ. ಹೂಕೋಸಿನ ಥರ ಗಂಟು ಗಂಟಾಗಿ ಹೊರಗೆ ಉಬ್ಬಿತು, ಸ್ವಲ್ಪ ತಗುಲಿದ್ರೆ ರಕ್ತ. ಇದು ದುರ್ಮಾಂಸ, ಕುದುರೆಗಳಿಗೆ ಮೊಣಕಾಲಿಂದ ಕೆಳಗೆ ಗಾಯ ಆದ್ರೆ ತುಂಬಾ ಕಾಮನ್. ಅಂಚಿಂದ ಬರ್ತಿರೋ ತೆಳು ಚರ್ಮ ಆ ಗೋಡೆ ಹತ್ತಿ ದಾಟೋಕಾಗ್ದೆ ಅಲ್ಲೇ ನಿಂತ್ಬಿಡತ್ತೆ. ಅಂದ್ರೆ ಮೇಲ್ನೋಟಕ್ಕೆ ಗಾಯ ತುಂಬ್ತಿದೆ ಅನ್ಸಿದ್ರೂ ಮುಚ್ಚೋ ಕೆಲಸ ನಿಂತೇಹೋಗಿರತ್ತೆ.

ಮಂಪರಿನ ಇಂಜೆಕ್ಷನ್ ಕೊಟ್ರು. ಕೆಂಚಿ ತಲೆ ನಿಧಾನಕ್ಕೆ ಕೆಳಗಿಳಿದು, ತುಟಿ ಜೋತುಬಿದ್ದು, ನಿಂತಲ್ಲೇ ತೂಕಡಿಸೋಕೆ ಶುರು. "ನಿದ್ದೆಯಲ್ಲಿದ್ರೂ ಒದೀತಾಳೆ, ಹಿಂದೆ ಯಾರೂ ನಿಲ್ಬೇಡಿ" ಅಂತ ಮೇಡಂ ಎರಡು ಸಲ ಹೇಳಿ, ಪಕ್ಕದಲ್ಲಿ ಕೂತ್ಕೊಂಡು ಬ್ಲೇಡ್ ಇಟ್ಟು ಕೆಳಗಿಂದ ಮೇಲಕ್ಕೆ ಪದರ ಪದರವಾಗಿ ತೆಗೆಯೋಕೆ ಹಿಡಿದ್ರು. ಮೇಲಿಂದ ಶುರು ಮಾಡಿದ್ರೆ ಇಳಿಯೋ ರಕ್ತದಲ್ಲಿ ಕೆಳಗೇನಿದೆ ಅಂತ ಕಾಣಲ್ಲ ಅದಕ್ಕೆ. ರಕ್ತ ಅಂದ್ರೆ ರಕ್ತ, ಗೊರಸಿನ ಮೇಲೆಲ್ಲ ಇಳಿದು ನೆಲ ಕೆಂಪಾಯ್ತು. ಮಾಮ ಅವಳ ಕತ್ತು ತಬ್ಕೊಂಡು ಆ ಕಡೆ ತಿರುಗಿಬಿಟ್ರು. ಕೆಂಚಿ ಮಾತ್ರ ಕಿವಿನೂ ಅಲ್ಲಾಡಿಸ್ಲಿಲ್ಲ. "ಇದ್ರಲ್ಲಿ ನರ ಇಲ್ಲ ಮಾಮಾ, ಅವಳಿಗೆ ನೋವಿಲ್ಲ, ನಿಮಗೇ ಜಾಸ್ತಿ" ಅಂದ್ರು ಮೇಡಂ. ಚರ್ಮದ ಮಟ್ಟಕ್ಕಿಂತ ಒಂಚೂರು ತಗ್ಗಿಗೆ ಬರೋವರೆಗೂ ತೆಗೆದ್ರು. ಸುತ್ತ ಅಂಚಲ್ಲಿದ್ದ ತೆಳು ಗುಲಾಬಿ ಗೆರೆಯನ್ನ ಮಾತ್ರ ಮುಟ್ಲಿಲ್ಲ. ಅದೇ ಹೊಸ ಚರ್ಮ, ಇಷ್ಟು ವಾರದ ನಿಜವಾದ ಗಳಿಕೆ ಅಂದ್ರೆ ಆ ಗೆರೆ ಒಂದೇ ಅಂತ ತೋರ್ಸಿದ್ರು. ಅಲ್ಲೀವರೆಗೂ ನಾವ್ಯಾರೂ ಆ ಗೆರೆ ಕಡೆ ನೋಡಿರ್ಲಿಲ್ಲ, ನೋಡಿದ್ದೆಲ್ಲ ನಡುವಿನ ಕೆಂಪನ್ನೇ.

ಆಮೇಲೆ ದಪ್ಪ ಹತ್ತಿ ಸುತ್ತಿ ಬಿಗಿ ಬ್ಯಾಂಡೇಜ್, ಮಾರನೇ ದಿನ ಬಿಚ್ಚಿ ಹೊಸದು. ಬ್ಯಾಂಡೇಜ್ ಕಟ್ಟೋದು ಸುಲಭ ಅನ್ಕೊಂಡಿದ್ದವನು ನಾನು. ಹತ್ತಿ ತೆಳುವಾಗಿದ್ದು ಪಟ್ಟಿ ಬಿಗಿಯಾದ್ರೆ ಹಿಂದಿನ ಟೆಂಡನ್‌ಗೇ ಪೆಟ್ಟಾಗತ್ತೆ, ಗಾಯ ವಾಸಿ ಮಾಡೋಕೆ ಹೋಗಿ ಹೊಸ ಗಾಯ. ಸಡಿಲ ಆದ್ರೆ ಜಾರಿ ಗೊರಸಿಗೆ ಬಂದು ಕೂರತ್ತೆ. ಸುತ್ತು ಸುತ್ತಿಗೂ ಒಂದೇ ಬಿಗಿ ಇರ್ಬೇಕು, ಎಲ್ಲೂ ಮಡಿಕೆ ಬೀಳಬಾರದು. ಭಾರ ಹೊರೋ ಇನ್ನೊಂದು ಹಿಂಗಾಲಿಗೂ ಕಟ್ತಿದ್ವಿ. ತೊಳೆಯೋಕೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ. ಬಂದವರೆಲ್ಲ ಒಂದೊಂದು ಪೌಡರ್, ಒಂದೊಂದು ಸ್ಪ್ರೇ ಹೇಳೋರು, ನೊರೆ ಬರೋ ಪೆರಾಕ್ಸೈಡ್ ಅಂತೂ ಎಲ್ಲರ ಫೇವರಿಟ್. ಅದು ಕೀಟಾಣು ಜೊತೆಗೆ ಹೊಸ ಜೀವಕೋಶಾನೂ ಸುಡತ್ತೆ, ಬೇಡ ಅಂತ ಹೇಳಿ ಹೇಳಿ ಸಾಕಾಗೋಯ್ತು.

ಗಾಯಕ್ಕಿಂತ ದೊಡ್ಡ ತಲೆನೋವು ಕೆಂಚಿಯ ಬೇಜಾರು. ದಿನವಿಡೀ ಓಡಾಡ್ಕೊಂಡು ಮೇಯೋ ಪ್ರಾಣಿನ ನಾಲ್ಕು ಗೋಡೆ ಮಧ್ಯೆ ನಿಲ್ಸಿದ್ರೆ ಅದರ ಹೊಟ್ಟೆ ಓಡಾಟಾನೂ ನಿಧಾನ ಆಗತ್ತೆ, ಸೆಗಣಿ ಗಟ್ಟಿ ಕಟ್ಕೊಂಡು ಹೊಟ್ಟೆನೋವು ಬಂದ್ರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಧಾನ್ಯ ಕಮ್ಮಿ ಮಾಡಿ, ಒಣಹುಲ್ಲು ನೆನೆಸಿ ಆಗಾಗ ಸ್ವಲ್ಪ ಸ್ವಲ್ಪ ಕೊಡೋದು, ದಿನಕ್ಕೆ 25-30 ಲೀಟರ್ ನೀರಾದ್ರೂ ಕುಡಿದ್ಲಾ ಅಂತ ನೋಡೋದು, ಲದ್ದಿ ಎಷ್ಟು ಸಲ ಹಾಕಿದ್ಲು ಅಂತ ಗಮನಿಸೋದು. ಬೆಳಿಗ್ಗೆ ಎದ್ದು ಅವಳ ಲದ್ದಿ ನೋಡಿ ಖುಷಿ ಪಡೋ ಮಟ್ಟಕ್ಕೆ ಬಂದಿದ್ದೆ. ಜ್ವರ ನೋಡೋದು, 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಫೋನ್. ಗಾಯದ ಕಾಲಿಗೆ ಭಾರ ಬಿಡದೇ ಇದ್ರೆ ಭಾರವೆಲ್ಲ ಹೊರೋ ಇನ್ನೊಂದು ಹಿಂಗಾಲಿನ ಗೊರಸೇ ಒಳಗಿಂದ ಕೆಡಬಹುದು, ಅದಕ್ಕೆ ಆ ಗೊರಸು ಬಿಸಿಯಾಗಿದ್ಯಾ, ಮೇಲಿನ ನಾಡಿ ಜೋರಾಗಿ ಬಡೀತಿದ್ಯಾ ಅಂತ ಕೈಯಿಟ್ಟು ನೋಡೋದು.

ಜೊತೆಗಿರ್ಲಿ ಅಂತ ಮಾಮ ಒಂದು ಆಡು ತಂದು ಪಕ್ಕದಲ್ಲಿ ಕಟ್ಟಿದ್ರು, ಇದು ನಿಜಕ್ಕೂ ಕೆಲಸ ಮಾಡ್ತು, ಕೆಂಚಿ ಗೋಡೆ ಒದೆಯೋದು ನಿಲ್ಸಿದ್ಲು. ಆದ್ರೆ ಆ ಆಡು ಹಗ್ಗ ಬಿಚ್ಕೊಂಡು ಬಂದು ಬ್ಯಾಂಡೇಜ್ ತುದಿ ಎಳ್ದು ತಿನ್ನೋಕೆ ಶುರು ಮಾಡ್ತು. ಕೆಂಚಿಗೂ ಅದೇ ಚಟ ಹತ್ತಿದ್ಮೇಲೆ ಬ್ಯಾಂಡೇಜ್ ಮೇಲೆ ಬಾರ್ ಸೋಪ್ ಉಜ್ಜಿಟ್ವಿ, ಅವಳಿಗೆ ಆ ರುಚಿ ಹಿಡಿಸ್ಲಿಲ್ಲ, ಆಡಿಗೆ ಸೋಪೂ ಓಕೆ.

ದುರ್ಮಾಂಸ ಮತ್ತೆ ಸ್ವಲ್ಪ ಉಬ್ಬಿತು, ಮೇಡಂ ಮತ್ತೆ ಬಂದು ತೆಗೆದ್ರು, ಈ ಸಲ ಮಾಮ ತಿರುಗಿ ನಿಲ್ಲಲಿಲ್ಲ. ಪಕ್ಕದಲ್ಲಿ ಸ್ಕೇಲ್ ಹಿಡಿದು ವಾರಕ್ಕೊಂದು ಫೋಟೋ ತೆಗೀತಿದ್ದೆ, ದಿನಾ ನೋಡಿದ್ರೆ ಏನೂ ಬದಲಾಗಿಲ್ಲ ಅನ್ಸತ್ತೆ, ಹಳೇ ಫೋಟೋ ಪಕ್ಕ ಇಟ್ರೆ ಮಾತ್ರ ಗುಲಾಬಿ ಅಂಚು ಒಳಗೆ ಬಂದಿರೋದು ಕಾಣತ್ತೆ. ಕೊನೆಗೆ ನಡುವಲ್ಲಿ ಉಗುರಿನಷ್ಟು ಜಾಗ ಮಾತ್ರ ಉಳೀತು, ಅದು ಮುಚ್ಚೋಕೆ ತಗೊಂಡ ಟೈಮಿದ್ಯಲ್ಲ, ಅದರ ಬಗ್ಗೆ ಮಾತಾಡೋದೇ ಬೇಡ.

ಕೈಯಲ್ಲಿ ಹಿಡ್ಕೊಂಡು ನಡೆಸ್ಬಹುದು ಅಂತ ಪರ್ಮಿಷನ್ ಸಿಕ್ಕಿದ ದಿನ ಕೆಂಚಿ ಎರಡು ಕಾಲ ಮೇಲೆ ಎದ್ದು ನನ್ನ ಕೈಯಲ್ಲಿದ್ದ ಹಗ್ಗಾನೇ ಕಿತ್ಕೊಂಡ್ಲು. ಆಮೇಲಿಂದ ಮಾಮನೇ ನಡೆಸ್ತಾರೆ, ಅವರ ಹತ್ರ ಬಾಲ ಮುಚ್ಕೊಂಡು ಹೋಗ್ತಾಳೆ. ಗಾಯದ ಜಾಗದಲ್ಲಿ ಈಗ ಕೂದಲಿಲ್ಲದ ತೆಳು ಚರ್ಮ, ಅದು ಒಣಗಿ ಬಿರಿಯದ ಹಾಗೆ ಏನಾದ್ರೂ ಹಚ್ತಾ ಇರ್ಬೇಕು. ಮೊನ್ನೆ ಮೇಡಂ ಬಂದು ಗಟ್ಟಿ ನೆಲದ ಮೇಲೆ ಓಡಿಸಿ ನೋಡಿ, ಕುಂಟು ಇಲ್ಲ, ಸವಾರಿ ಶುರು ಮಾಡಿ, ಮೊದಲು ಬರೀ ನಡಿಗೆ ಅಂದ್ರು. ಬರೀ ನಡಿಗೆ ಅಂತ ನಮಗೇನೋ ಅರ್ಥ ಆಯ್ತು, ಅದನ್ನ ಕೆಂಚಿಗೆ ಹೇಳೋ ಕೆಲಸ ಮಾಮಂಗೆ ಬಿಟ್ಟಿದೀನಿ.