ಕೊನೆಯ ಗುಂಡಿಯಿಂದ ಶುರು

ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡ್ಕೊಂಡು ನಮ್ಮ ಚಾವಡಿಗೆ ಬಂದಳು. ಈ ವರ್ಷ ಅವಳ ಪಿಯುಸಿ ಮುಗಿದಿದೆ. "ಟೀಚರ್, ನಂಗೂ ನಿಮ್ಮ ಹಾಗೆ ಸ್ಪೆಷಲ್ ಟೀಚರ್ ಆಗ್ಬೇಕು. ಡಿಪ್ಲೊಮಾ ಮಾಡುದಾ, ನಾಲ್ಕು ವರ್ಷದ ಬಿ.ಎಡ್. ಮಾಡುದಾ?" ಅಂತ ಕೇಳಿದಳು. ಅವಳ ಅಮ್ಮ ಮಲ್ಲಿಗೆ ಗಿಡಗಳ ನಡುವಿನಿಂದಲೇ, "ಸಂಬಳ ಎಷ್ಟು ಅಂತ ಕೇಳು ಮೊದಲು" ಅಂದರು.

ಎರಡು ಪ್ರಶ್ನೆಗೂ ಅಲ್ಲೇ ನಿಂತು ಪೂರ್ತಿ ಉತ್ತರ ಕೊಡ್ಲಿಕ್ಕೆ ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಂಕರಪುರದ ಕಡೆ. ಉಡುಪಿಯ ಹತ್ತಿರ ಅಂಗವೈಕಲ್ಯ ಇರುವ ಮಕ್ಕಳ ಒಂದು ವಿಶೇಷ ಶಾಲೆಗೆ ನಾನು ಸೇರಿದ್ದು 2002ರಲ್ಲಿ, ಸಹಾಯಕಿಯಾಗಿ. ಯಾವ ತರಬೇತಿಯೂ ಇರಲಿಲ್ಲ. ಮಕ್ಕಳ ಮೇಲೆ ಪ್ರೀತಿ ಇತ್ತು, ಅಷ್ಟು ಸಾಕು ಅಂದ್ಕೊಂಡಿದ್ದೆ. ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ಅಂಗಿಯ ಗುಂಡಿ ಹಾಕಲು ಕಲಿಸುವ ಕೆಲಸ ನನಗೆ ಬಂತು. ದಿನಾ ಬೆಳಿಗ್ಗೆ ಮೇಲಿನ ಗುಂಡಿಯಿಂದ ಶುರು ಮಾಡುತ್ತಿದ್ದೆವು. ಮೊದಲನೆಯದರಲ್ಲೇ ಅವನ ಬೆರಳು ಜಾರುತ್ತಿತ್ತು. ಅವನು ಅಳುತ್ತಿದ್ದ, ಉಳಿದದ್ದನ್ನು ನಾನು ಹಾಕಿ ಮುಗಿಸುತ್ತಿದ್ದೆ. ನಾಲ್ಕು ತಿಂಗಳು ಹೀಗೇ ಹೋಯಿತು.

ಮರುವರ್ಷ ಡಿಪ್ಲೊಮಾಕ್ಕೆ ಸೇರಿದೆ. ಆಗ ಅದು ಒಂದೇ ವರ್ಷದ ಕೋರ್ಸು. ಎರಡನೇ ತಿಂಗಳಲ್ಲಿ ನಮ್ಮ ಮೇಡಂ ಒಂದು ಹಳೆ ಅಂಗಿ ತಂದು ಮೇಜಿನ ಮೇಲೆ ಹರಡಿದರು. ಎಲ್ಲಾ ಗುಂಡಿ ತಾವೇ ಹಾಕಿದರು, ಕೊನೆಯದೊಂದನ್ನು ಮಾತ್ರ ಅರ್ಧ ತೂರಿಸಿ ಬಿಟ್ಟರು. "ಮಗು ಇದನ್ನು ಎಳೆಯಲಿ. ಅಲ್ಲಿಗೆ ಅಂಗಿ ಹಾಕಿ ಆಯ್ತು. ಮುಗಿಸಿದ ಖುಷಿ ಅವನಿಗೆ ಮೊದಲ ದಿನವೇ ಸಿಗಬೇಕು. ನಾಳೆ ಕೊನೆಯ ಎರಡು ಬಿಡಿ" ಅಂದರು. ಹಿಂದಿನಿಂದ ಮುಂದಕ್ಕೆ ಕಲಿಸುವ ಕ್ರಮ ಅದು. ಆ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗ ನಾಲ್ಕು ತಿಂಗಳು ಸುಮ್ನೆ ಅತ್ತನಲ್ಲಾ ಅಂತ.

ಆದ್ದರಿಂದ ಈ ಕೆಲಸಕ್ಕೆ ಸರ್ಟಿಫಿಕೇಟು ಯಾಕೆ, ಮನಸ್ಸಿದ್ದರೆ ಸಾಲದಾ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. 1992ರಲ್ಲಿ ಭಾರತೀಯ ಪುನರ್ವಸತಿ ಮಂಡಳಿಗೆ ಕಾಯ್ದೆ ಆದದ್ದು ಇದಕ್ಕೇ. ನಾವೆಲ್ಲ ಆರ್‌ಸಿಐ ಅಂತ ಕರೆಯುವುದು ಅದನ್ನೇ. ಅದು ಒಪ್ಪಿದ ಕೋರ್ಸು ಮಾಡಿ, ಅದರ ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಸಿಆರ್‌ಆರ್ ನಂಬರು ಪಡೆದವರು ಮಾತ್ರ ಈ ಕೆಲಸ ಮಾಡಬೇಕು. ನಂಬರನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಸಿಆರ್‌ಇ ಅನ್ನುವ ಮುಂದುವರಿಕೆ ತರಬೇತಿಯ ಕಾರ್ಯಾಗಾರಗಳಿಗೆ ಹೋಗಿ ಪಾಯಿಂಟು ಸೇರಿಸಬೇಕು. ಕೆಲವರಿಗೆ ಅದು ಕಿರಿಕಿರಿ. ನನಗೆ ಆ ದಿನಗಳು ಇಷ್ಟ, ಬೇರೆ ಜಿಲ್ಲೆಯ ಟೀಚರುಗಳು ಸಿಗುತ್ತಾರೆ.

ನನ್ನ ಡಿಪ್ಲೊಮಾ ಸರ್ಟಿಫಿಕೇಟಿನಲ್ಲಿ ಕೋರ್ಸಿನ ಹೆಸರಿನ ಮುಂದೆ ಕಂಸದಲ್ಲಿ ಎಂ.ಆರ್. ಅಂತ ಇದೆ, ಮೆಂಟಲ್ ರಿಟಾರ್ಡೇಶನ್ ಅಂತ ಅದರ ಅರ್ಥ. ಆಗ ಬುದ್ಧಿಮಾಂದ್ಯ ಅನ್ನುವ ಪದವೇ ಕಾನೂನಿನಲ್ಲಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ಪದ ತೆಗೆದು ಬೌದ್ಧಿಕ ಅಂಗವೈಕಲ್ಯ ಅಂದಿತು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಈಗ 21. ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಆಗ ಒಳಗೆ ಬಂದವು. ಮಕ್ಕಳು ಮೊದಲೂ ಇದ್ದರು. ಅವರಿಗೆ ಹೆಸರು ಇರಲಿಲ್ಲ, ನಮಗೆ ಪಾಠ ಇರಲಿಲ್ಲ.

ಬಿ.ಎಡ್. ಸ್ಪೆಷಲ್ ಮಾಡಬೇಕು ಅಂತ 2014ರಲ್ಲಿ ಹೊರಟಿದ್ದೆ. ಅಷ್ಟರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಆಯಿತು, ನಿಂತೆ. ಮರುವರ್ಷ, 2015ರಲ್ಲಿ, ಒಂದು ವರ್ಷದ ಕೋರ್ಸು ಎರಡು ವರ್ಷ ಆಯಿತು. ಎರಡು ವರ್ಷ ಸಂಬಳ ಇಲ್ಲದ ರಜೆ. ಅಣ್ಣ ಬೈದ. ಅತ್ತಿಗೆ ಬೈಯಲಿಲ್ಲ, ಅಮ್ಮನನ್ನು ನೋಡಿಕೊಂಡರು. ಅವರಿಂದಾಗಿ ನಾನು ಓದಿದೆ.

ಆ ಎರಡು ವರ್ಷ ದಂಡ ಆಗಲಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಜೂನ್ ಬಂತೆಂದರೆ ಕಿವಿ ಮುಚ್ಚಿ ಮೇಜಿನ ಅಡಿ ಕೂರುತ್ತಿದ್ದ, ಎಳೆದರೆ ಕಚ್ಚುತ್ತಿದ್ದ. "ಮಳೆಗಾಲದಲ್ಲಿ ಇವನ ಮೊಂಡು ಜಾಸ್ತಿ" ಅಂತ ನಾನೇ ಡೈರಿಯಲ್ಲಿ ಬರೆದಿದ್ದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಸದ್ದು ಹೇಗೆ ಕೇಳುತ್ತದೆ ಅನ್ನುವುದನ್ನು ಓದಿದ ದಿನ ನಮ್ಮ ತರಗತಿಯ ಮಾಡು ನೆನಪಾಯಿತು. ತಗಡಿನ ಶೀಟು. ನಮ್ಮ ಕರಾವಳಿಯ ಮಳೆ ಅದರ ಮೇಲೆ ಬಿದ್ದರೆ ನಮಗೇ ಪಕ್ಕದವರ ಮಾತು ಕೇಳುವುದಿಲ್ಲ. ವಾಪಸ್ ಬಂದ ಕೂಡಲೇ ಅವನ ತರಗತಿಯನ್ನು ಹಂಚಿನ ಮಾಡಿನ ಕೋಣೆಗೆ ಬದಲಾಯಿಸಿದೆವು. ಕಚ್ಚುವುದು ನಿಂತಿತು. ನನ್ನ ಡೈರಿಯ ಆ ಸಾಲು ಮಾತ್ರ ಹಾಗೇ ಇದೆ.

ಈಗ ನಾಲ್ಕು ವರ್ಷದ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಪ್ರಕಾರ 2030ರ ಹೊತ್ತಿಗೆ ಶಿಕ್ಷಕರಾಗಲು ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಕನಿಷ್ಠ ಅರ್ಹತೆ. ಬೇರೆ ಪದವಿ ಮುಗಿಸಿದವರಿಗೆ ಎರಡು ವರ್ಷದ ದಾರಿ, ನಾಲ್ಕು ವರ್ಷದ ಪದವಿಯೋ ಎಂ.ಎ.ಯೋ ಆದವರಿಗೆ ಒಂದು ವರ್ಷದ ದಾರಿ ಅಂತಲೂ ಅದರಲ್ಲಿದೆ. ಇತ್ತ ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷ ಆಯಿತು. ಹದಿನೆಂಟು ವರ್ಷದ ಹುಡುಗಿಗೆ ತಲೆ ತಿರುಗದೆ ಇರ್ತದಾ?

ಕೋರ್ಸು ಉದ್ದ ಆಗುವುದಕ್ಕೆ ನನ್ನ ವಿರೋಧ ಇಲ್ಲ. ನಾನು ಕೇಳುವುದು ಒಂದೇ. ಹೆಚ್ಚಾದ ಆ ವರ್ಷ ಎಲ್ಲಿ ಕಳೆಯುತ್ತದೆ? ಮಗುವಿನ ಪಕ್ಕದಲ್ಲಾ, ಕ್ಲಾಸಿನಲ್ಲಿ ನೋಟ್ಸು ಬರೆಯುತ್ತಾ? ನಾನು ಕಲಿತದ್ದೆಲ್ಲ ಒಂದು ಅಂಗಿಯ ಮುಂದೆ, ಒಂದು ಮಗುವಿನ ಮುಂದೆ ಕೂತು. ತರಬೇತಿಗೆ ನಮ್ಮಲ್ಲಿ ಬರುವ ಹುಡುಗಿಯರಲ್ಲಿ ಕೆಲವರ ಐಇಪಿ ಫೈಲು, ಅಂದರೆ ಒಂದೊಂದು ಮಗುವಿಗೂ ಬೇರೆಬೇರೆ ಬರೆಯುವ ಕಲಿಕೆಯ ಯೋಜನೆ, ತುಂಬಾ ಚಂದ ಇರುತ್ತದೆ. ಮಗುವಿನ ಅಮ್ಮನ ಹತ್ತಿರ ತುಳುವಿನಲ್ಲೋ ಬ್ಯಾರಿಯಲ್ಲೋ ನಾಲ್ಕು ಮಾತಾಡಿ, ಮನೆಯಲ್ಲಿ ಅವನು ಎಂತ ಮಾಡ್ತಾನೆ ಅಂತ ಕೇಳಿರುವುದಿಲ್ಲ. ಅದಕ್ಕೆ ಅಂಕ ಇಲ್ಲ ನೋಡಿ. ಅವರ ತಪ್ಪಲ್ಲ.

ಇನ್ನೂ ದೊಡ್ಡ ತೊಂದರೆ ಗೋಡೆಯ ಆಚೆ ಇದೆ. ನಮ್ಮ ಕೋರ್ಸು ಆರ್‌ಸಿಐ ಕೈಯಲ್ಲಿ, ಸಾಮಾನ್ಯ ಶಿಕ್ಷಕರ ಕೋರ್ಸು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ ಕೈಯಲ್ಲಿ. ನಮ್ಮ ಪದವಿ ಇದ್ದವರು ಸಾಮಾನ್ಯ ಪ್ರಾಥಮಿಕ ಶಾಲೆಗೆ ಶಿಕ್ಷಕರಾದರೆ ಆರು ತಿಂಗಳ ಬೇರೆ ತರಬೇತಿ ಮಾಡಬೇಕು ಅಂತ 2010ರಲ್ಲೇ ಎನ್‌ಸಿಟಿಇ ಹೇಳಿದೆ. ಸರಿ. ಆದರೆ ನಮ್ಮ ಮಕ್ಕಳು ಕೂರುವ ತರಗತಿಗೆ ಹೋಗುವ ಸಾಮಾನ್ಯ ಟೀಚರಿಗೆ? 2014ರ ಎರಡು ವರ್ಷದ ಬಿ.ಎಡ್. ಚೌಕಟ್ಟಿನಲ್ಲಿ ಎಲ್ಲರನ್ನೂ ಒಳಗೊಳ್ಳುವ ಶಾಲೆಯ ಬಗ್ಗೆ ಇದ್ದದ್ದು ಅರ್ಧ ಪೇಪರು. ಅರ್ಧ!

ಅದರ ಫಲ ನನ್ನ ಕಣ್ಣ ಮುಂದೆ ಇದೆ. ಹೋದ ವರ್ಷ ಒಂದು ಸಾಮಾನ್ಯ ಶಾಲೆಯ ಟೀಚರು ನಾಲ್ಕನೇ ತರಗತಿಯ ಹುಡುಗಿಯನ್ನು ಕರ್ಕೊಂಡು ಬಂದರು. ಓದಲಿಕ್ಕೆ ಬರುವುದಿಲ್ಲ, ನಿಮ್ಮಲ್ಲೇ ಸೇರಿಸಿಕೊಳ್ಳಿ ಅಂದರು. ಆ ಹುಡುಗಿ ಅರ್ಧ ಗಂಟೆ ನನ್ನ ಹತ್ತಿರ ಅವರ ಊರಿನ ಕಂಬಳದ ಕೋಣಗಳ ಬಗ್ಗೆ ಮಾತಾಡಿದಳು. ಯಾವ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, ಯಾರ ಕೋಣ ಗೆದ್ದದ್ದು ಅಂತ ಎಲ್ಲಾ ಬಾಯಿಪಾಠ. ಅವಳು ಇರಬೇಕಾದ್ದು ಅವಳ ಶಾಲೆಯಲ್ಲೇ. ಅಕ್ಷರ ಮಾತ್ರ ಅವಳಿಗೆ ಬೇರೆ ದಾರಿಯಿಂದ ಹೋಗಬೇಕು. ಆ ಟೀಚರು ಒಳ್ಳೆಯವರು, ಆ ದಾರಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಎರಡೂ ಮಂಡಳಿಗಳ ಪಾಠಕ್ರಮ ಹೆಚ್ಚು ಹೊಂದಿಕೆಯಾಗಬೇಕು ಅಂತ 2020ರ ನೀತಿಯಲ್ಲೂ ಬರೆದಿದ್ದಾರೆ. ಅದು ಬೇಗ ಆಗಲಿ ಅಂತ ನನಗೆ ಎಷ್ಟು ಆಸೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಸಂಬಳದ ಪ್ರಶ್ನೆಗೆ ಬರುತ್ತೇನೆ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ ಹೇಳಿತು. 2025ರ ಮಾರ್ಚಿನಲ್ಲಿ ಮತ್ತೆ, ಹುದ್ದೆ ಸೃಷ್ಟಿಸಿ ನೇಮಕ ಮಾಡಿ ಅಂತ ರಾಜ್ಯಗಳಿಗೆ ಆದೇಶ ಕೊಟ್ಟಿತು. ನಾನು ಆ ಸುದ್ದಿಯ ಪೇಪರನ್ನು ಕತ್ತರಿಸಿ ಇಟ್ಟಿದ್ದೇನೆ. ಆದರೆ ಇವತ್ತಿಗೂ ನಮ್ಮಂಥ ಶಾಲೆಗಳ ಎಷ್ಟೋ ಟೀಚರುಗಳ ಕೈಗೆ ಬರುವುದು ಗೌರವಧನ. ನನ್ನ ಜೊತೆ ಕಲಿತ ಇಬ್ಬರು ಗಲ್ಫಿಗೆ ಹೋದರು, ಒಬ್ಬಳು ಮಂಗಳೂರಿನಲ್ಲಿ ಬಟ್ಟೆ ಅಂಗಡಿಯ ಬಿಲ್ಲಿಂಗಿನಲ್ಲಿದ್ದಾಳೆ. ಅವಳು ಸೈನ್ ಭಾಷೆ ಕಲಿತವಳು. ಅರ್ಹತೆ ಏರಿಸುವ ಪ್ರತಿ ಸುತ್ತೋಲೆಯ ಜೊತೆ ಹುದ್ದೆಯ ಸುತ್ತೋಲೆಯೂ ಬರಬೇಕು. ಇಪ್ಪತ್ತು ವರ್ಷ ಡಿಪ್ಲೊಮಾದಲ್ಲೇ ದುಡಿದವರಿಗೆ, ಕೆಲಸ ಬಿಡದೆ ಪದವಿಗೆ ಹತ್ತಲು ಒಂದು ಮೆಟ್ಟಿಲು ಬೇಕು. ಎಲ್ಲರಿಗೂ ನನ್ನ ಅತ್ತಿಗೆ ಇರುವುದಿಲ್ಲ.

ಹುಡುಗಿಗೆ ಇಷ್ಟು ಹೇಳಿದೆ. ಮನೆಯಲ್ಲಿ ನಡೆಯುವುದಾದರೆ ಪದವಿಯ ದಾರಿ ಹಿಡಿ. ಕಷ್ಟ ಇದ್ದರೆ ಡಿಪ್ಲೊಮಾದಿಂದ ಶುರು ಮಾಡು, ಓದು ನಿಲ್ಲಿಸಬೇಡ. ಫೀಸು ಕಟ್ಟುವ ಮೊದಲು ಆ ಕಾಲೇಜಿಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯಾ ಅಂತ ಮಂಡಳಿಯ ವೆಬ್‌ಸೈಟಿನಲ್ಲಿ ನೀನೇ ನೋಡು, ಏಜೆಂಟರ ಮಾತು ನಂಬಬೇಡ. ಇದೆಲ್ಲದಕ್ಕಿಂತ ಮೊದಲು ನಾಳೆ ನನ್ನ ಜೊತೆ ಬಸ್ಸು ಹತ್ತು.

ಸೋಮವಾರ ಬಂದಳು. ನಮ್ಮ ದೊಡ್ಡ ಹುಡುಗನೊಬ್ಬನಿಗೆ ಲೆಕ್ಕ ಕಲಿಸುತ್ತಿದ್ದೇವೆ. ಅವನ ಮನೆಯಲ್ಲೂ ಮಲ್ಲಿಗೆ ಕಟ್ಟುತ್ತಾರೆ, ಹಾಗಾಗಿ ಮಣಿ, ಕಡ್ಡಿ ಬಿಟ್ಟು ಅದರಲ್ಲೇ ಲೆಕ್ಕ. ಕಟ್ಟಿದ ಹೂವಿನ ಸುತ್ತಿಗೆ ಚೆಂಡು ಅಂತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇವಳು ಪುಸ್ತಕದಲ್ಲಿ ಇದ್ದ ಹಾಗೆ ಒಂದು, ಎರಡು ಅಂತ ಬೋರ್ಡಿನಲ್ಲಿ ಬರೆಯಲು ಹೊರಟಳು. ಅವನು ಅವಳ ಕೈಯಿಂದ ಚಾಕ್ ತೆಗೆದು ಕೆಳಗಿಟ್ಟ. ಮೂರು ಚೆಂಡು ಜೋಡಿಸಿ, ನಾಲ್ಕನೆಯದನ್ನು ತಾನೇ ಹಿಡ್ಕೊಂಡು ಅವಳ ಮುಖ ನೋಡಿದ. ಅವಳಿಗೆ ಒಂದು ನಿಮಿಷ ಗೊತ್ತಾಗಲಿಲ್ಲ. ಆಮೇಲೆ ಅಂಗೈ ಚಾಚಿದಳು. "ಅಟ್ಟೆ" ಅಂತ ಹೇಳಿ ಅದನ್ನು ಅವಳ ಕೈಯಲ್ಲಿಟ್ಟ.

ಕಾಲೇಜಿಗೆ ಅರ್ಜಿ ಹಾಕಲು ಅವಳಿಗೆ ಇನ್ನೂ ಹತ್ತು ದಿನ ಇದೆ. ಅಲ್ಲಿ ತನಕ ದಿನಾ ಬಾ ಅಂದಿದ್ದೇನೆ.